ಕ್ಯಾಮೆರಾ ಮುಂದೆ ಮಿಂಚಿದ ಸುಣ್ಣದ ಗೋಡೆ: ಒಂದು ಸೆಟ್ ಪೇಂಟಿಂಗ್ ಪ್ರಕರಣ

ಇದು ಬೆಂಗಳೂರಿನ ಒಂದು ಶೂಟಿಂಗ್ ಫ್ಲೋರ್‌ನಲ್ಲಿ ನಡೆದದ್ದು. ಸಿನಿಮಾದ ಹೆಸರು, ಜನರ ಹೆಸರು, ವರ್ಷ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಗೋಡೆಗೆ ಏನಾಯಿತು, ಯಾಕಾಯಿತು ಅನ್ನುವುದನ್ನು ಮಾತ್ರ ಬದಲಿಸಿಲ್ಲ. ನಾನು ಆಗ ಕಲಾ ವಿಭಾಗದಲ್ಲಿ ಸಹಾಯಕ. ಈ ತಪ್ಪಿನಲ್ಲಿ ನನ್ನ ಪಾಲು ಸಣ್ಣದೇನಲ್ಲ.

ಹಿನ್ನೆಲೆ

ಕಥೆ ನಡೆಯುವುದು ತೀರ್ಥಹಳ್ಳಿ ಕಡೆಯ ಒಂದು ತೊಟ್ಟಿ ಮನೆಯಲ್ಲಿ. ಹೊರಗಿನ ದೃಶ್ಯಗಳನ್ನು ಅಲ್ಲೇ, ನಿಜವಾದ ಮನೆಯ ಅಂಗಳದಲ್ಲಿ ತೆಗೆದಾಗಿತ್ತು. ಒಳಗೆ ತೆಗೆಯುವುದು ಆಗದ ಮಾತು. ಮನೆಯವರು ಅಲ್ಲೇ ವಾಸ. ಅಡುಗೆಮನೆ ಎಷ್ಟು ಕಿರಿದು ಅಂದರೆ, ಕ್ಯಾಮೆರಾ ಇಟ್ಟರೆ ಒಲೆ ಮುಂದೆ ಕೂರುವವರಿಗೆ ಜಾಗ ಇಲ್ಲ. ಹಾಗಾಗಿ ಜಗಲಿ, ನಡುಮನೆ, ಅಡುಗೆಮನೆ ಇಷ್ಟನ್ನು ಬೆಂಗಳೂರಿನಲ್ಲಿ ಪ್ಲೈವುಡ್ ಮತ್ತು ಪಿಒಪಿಯಲ್ಲಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಕಟ್ಟಬೇಕಿತ್ತು.

ಇಡೀ ಕೆಲಸ ನಿಂತಿದ್ದದ್ದು ಒಂದೇ ಕಟ್ ಮೇಲೆ, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗದ ಮೇಲೆ. ಅಜ್ಜ ಅಂಗಳದಿಂದ ಬಂದು ಬಾಗಿಲು ತಳ್ಳುತ್ತಾರೆ. ಅದು ತೀರ್ಥಹಳ್ಳಿ. ಒಳಗೆ ಕಾಲಿಡುತ್ತಾರೆ. ಅದು ಬೆಂಗಳೂರು. ಬಾಗಿಲ ಆಚೆಯ ಗೋಡೆಗೂ ಈಚೆಯ ಗೋಡೆಗೂ ಹೊಂದಿಕೆ ಇಲ್ಲದಿದ್ದರೆ ನೋಡುವವರಿಗೆ ಏನು ತಪ್ಪು ಅಂತ ಗೊತ್ತಾಗದೆ ಇರಬಹುದು. ಆದರೆ ಮನೆ ಸುಳ್ಳು ಅನ್ನಿಸಿಬಿಡುತ್ತದೆ.

ಆ ಮನೆಯದು ಮಣ್ಣಿನ ಗೋಡೆ. ಅದರ ಮೇಲೆ ವರ್ಷ ವರ್ಷ ಹೊಡೆದ ಸುಣ್ಣ. ಸುಣ್ಣಕ್ಕೆ ಸ್ವಲ್ಪ ನೀಲಿ ಕದಡಿರುತ್ತಾರೆ, ಬಿಳಿ ಬಟ್ಟೆಗೆ ಹಾಕುವ ಅದೇ ನೀಲಿ. ಕೆಳಗೆ ಎರಡಡಿ ಕೆಮ್ಮಣ್ಣಿನ ಪಟ್ಟಿ. ಇಷ್ಟೇ ನೋಡಿ. ಇಷ್ಟು ಸರಳವಾಗಿದ್ದದ್ದೇ ನಮ್ಮನ್ನು ಮೈಮರೆಸಿತು. ಅರಮನೆಯ ಸೆಟ್ ಆಗಿದ್ದರೆ ಎಲ್ಲರೂ ಎಚ್ಚರದಿಂದ ಇರುತ್ತಿದ್ದೆವು. ಬಿಳಿ ಗೋಡೆ ತಾನೇ ಅಂದುಕೊಂಡೆವು.

ಪೇಂಟಿಂಗ್ ತಂಡದಲ್ಲಿ ಐದು ಜನ. ಅವರ ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು, ಗದಗದ ಕಡೆಯವರು. ಹುಡುಗನಾಗಿದ್ದಾಗ ನಾಟಕ ಕಂಪನಿಯೊಂದರಲ್ಲಿ ಪರದೆ ಬರೆಯುವವರ ಕೈಕೆಳಗೆ ಬಣ್ಣ ಅರೆದವರು. ಬಾದಾಮಿಯ ಬನಶಂಕರಿ ಜಾತ್ರೆಗೆ ಕಂಪನಿಗಳು ಬಂದು ಟೆಂಟ್ ಹಾಕುತ್ತವಲ್ಲ, ಅಲ್ಲಿ ರಸ್ತೆ ಪರದೆ, ಕಾಡಿನ ಪರದೆ, ಅರಮನೆ ಪರದೆ ಎಲ್ಲಾ ಬರೆದಿದ್ದಾರೆ. ಆಮೇಲೆ ಬೆಂಗಳೂರಿಗೆ ಬಂದು ಸಿನಿಮಾ ಬ್ಯಾನರ್, ಅಂಗಡಿ ಬೋರ್ಡು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಹೋಯಿತು, ಸೆಟ್ ಕೆಲಸಕ್ಕೆ ಬಂದರು. ಈ ವಿಷಯ ನಮಗೆಲ್ಲ ಗೊತ್ತಿತ್ತು. ಆದರೆ ಹರಟೆಯ ವಿಷಯವಾಗಿ ಗೊತ್ತಿತ್ತು, ಅಷ್ಟೇ.

ಸಮಸ್ಯೆ ಶುರುವಾದದ್ದು

ಪ್ಲೈವುಡ್ ಬರುವುದು ಎರಡು ದಿನ ತಡವಾಯಿತು. ಕಾರ್ಪೆಂಟರ್‌ಗಳು ಎರಡು ದಿನ ತಡವಾಗಿ ಮುಗಿಸಿದರು. ಪಿಒಪಿ ಕೆಲಸದವರು ಅವರ ಹಿಂದೆ. ಸೆಟ್‌ನಲ್ಲಿ ಪೇಂಟರ್ ಕೊನೆಯವನು. ಅವನಾದ ಮೇಲೆ ಬರುವುದು ಕ್ಯಾಮೆರಾ. ಹಾಗಾಗಿ ಎಲ್ಲರ ತಡವೂ ಬಂದು ಕೂರುವುದು ಅವನ ತಲೆಯ ಮೇಲೆ. ಶೂಟಿಂಗ್ ದಿನಾಂಕ ಮಾತ್ರ ಸರಿಯುವುದಿಲ್ಲ. ಐದು ದಿನ ಅಂತ ಮಾತಾಡಿದ್ದು ಮೂರು ದಿನ ಆಯಿತು.

ಪಿಒಪಿ ಇನ್ನೂ ಪೂರ್ತಿ ಒಣಗಿರಲಿಲ್ಲ. ನಾನು ಪ್ಲಾಸ್ಟಿಕ್ ಎಮಲ್ಷನ್, ಅಂದರೆ ಈಗಿನ ಮನೆಗಳ ಗೋಡೆಗೆ ಹೊಡೆಯುವ ಬಣ್ಣ, ಹೊಡೆಯೋಣ ಅಂದೆ. ಬೇಗ ಒಣಗುತ್ತದೆ, ರೋಲರ್‌ನಲ್ಲಿ ಎಳೆದರೆ ಒಂದು ದಿನದ ಕೆಲಸ. ಬಣ್ಣ ಹೊಂದಿಸಲು ಲೊಕೇಶನ್‌ನಲ್ಲಿ ತೆಗೆದ ಫೋಟೋ ನನ್ನ ಫೋನ್‌ನಲ್ಲಿತ್ತು. ಫ್ಲೋರ್‌ನ ಟ್ಯೂಬ್‌ಲೈಟ್ ಕೆಳಗೆ ಫೋನ್ ಹಿಡಿದುಕೊಂಡು ಶೇಡ್ ಕಲಸಿಸಿದೆ. ಇದರಲ್ಲಿ ಎರಡು ತಪ್ಪು ಒಟ್ಟಿಗೆ ಇದ್ದವು. ಫೋನ್ ತನಗೆ ತಾನೇ ಬಿಳಿಯನ್ನು ಸರಿಮಾಡಿಕೊಳ್ಳುತ್ತದೆ. ಆ ಗೋಡೆಯಲ್ಲಿದ್ದ ತಣ್ಣನೆಯ ನೀಲಿಯನ್ನು ಅದು ತೆಗೆದುಹಾಕಿ, ಸ್ವಲ್ಪ ಕೆನೆ ಬಣ್ಣ ತೋರಿಸುತ್ತಿತ್ತು. ಇನ್ನು ಟ್ಯೂಬ್‌ಲೈಟ್‌ನಲ್ಲಿ ಹೊಂದಿದ ಬಣ್ಣ ಶೂಟಿಂಗ್ ಲೈಟ್‌ನಲ್ಲೂ ಹೊಂದಬೇಕು ಅಂತೇನಿಲ್ಲ. ಬೆಳಕು ಬದಲಾದರೆ ಒಂದೇ ಥರ ಕಂಡ ಎರಡು ಬಣ್ಣಗಳು ಬೇರೆಯಾಗಿಬಿಡುತ್ತವೆ. ಸೀರೆ ಅಂಗಡಿಯಲ್ಲಿ ಹೆಂಗಸರು ಬಾಗಿಲ ಹತ್ತಿರ ಬಂದು ಸೀರೆ ಬಿಚ್ಚಿ ನೋಡುತ್ತಾರಲ್ಲ, ಅದಕ್ಕೇ. ಅಷ್ಟು ಬುದ್ಧಿ ನನಗೆ ಇರಲಿಲ್ಲ.

ಮೇಸ್ತ್ರಿ ಒಂದು ಸಲ ಹೇಳಿದರು, "ತಮ್ಮಾ, ಇದು ಮಿಂಚತೈತಿ ನೋಡು." ನಾನು, "ಇಲ್ಲ ಮೇಸ್ತ್ರಿ, ಇದು ಮ್ಯಾಟ್ ಫಿನಿಶ್, ಹೊಳೆಯಲ್ಲ, ಡಬ್ಬದ ಮೇಲೇ ಬರೆದಿದೆ" ಅಂದೆ. ಅವರು ಮತ್ತೆ ಮಾತಾಡಲಿಲ್ಲ. ಎರಡನೇ ಸಲ ಹೇಳುವ ರೂಢಿ ಈ ಕೆಲಸದಲ್ಲಿ ಇಲ್ಲ. ಹೇಳಿದರೆ ಮುಂದಿನ ಸಿನಿಮಾಕ್ಕೆ ಕರೆ ಬರದೆ ಇರಬಹುದು.

ಶುಕ್ರವಾರ ಸಂಜೆ ಲೈಟ್ ಟೆಸ್ಟ್. ತೊಟ್ಟಿಯ ಮೇಲಿನಿಂದ ದೊಡ್ಡ ಲೈಟ್ ಬಿಟ್ಟರು. ಆಕಾಶದಿಂದ ಬೆಳಕು ಇಳಿದ ಹಾಗೆ ಅದು ಜಗಲಿಯ ಗೋಡೆಯನ್ನು ಸವರಿಕೊಂಡು ಬೀಳುತ್ತದೆ. ನೇರ ಬೆಳಕಿನಲ್ಲಿ ಮ್ಯಾಟ್ ಅನ್ನಿಸುವ ಎಮಲ್ಷನ್ ಹೀಗೆ ಓರೆಯಾಗಿ ಬಿದ್ದ ಬೆಳಕಿಗೆ ಹಾಲಿನ ಕೆನೆಯ ಹಾಗೆ ಹೊಳೆಯುತ್ತದೆ. ರೋಲರ್ ಎಳೆದ ಸಣ್ಣ ಸಣ್ಣ ಗುಳ್ಳೆಗುಳ್ಳೆ ಗುರುತು ಒಂದೊಂದೂ ಎದ್ದು ಕಂಡಿತು. ಕ್ಯಾಮೆರಾಮನ್ ಮಾನಿಟರ್ ನೋಡಿ, "ಇದು ತೊಟ್ಟಿ ಮನೆ ಅಲ್ಲ, ಅಪಾರ್ಟ್‌ಮೆಂಟ್" ಅಂದರು.

ಯಾರೋ ಡಿಐನಲ್ಲಿ, ಅಂದರೆ ಶೂಟಿಂಗ್ ಆದ ಮೇಲೆ ಕಂಪ್ಯೂಟರ್‌ನಲ್ಲಿ ಬಣ್ಣ ತಿದ್ದುವಾಗ, ಸರಿಮಾಡಬಹುದು ಅಂದರು. ಡಿಐನಲ್ಲಿ ಬಣ್ಣವನ್ನು ಅತ್ತಿತ್ತ ಸರಿಸಬಹುದು, ನಿಜ. ಆದರೆ ಗೋಡೆಯ ಮೈಯನ್ನು ಬದಲಿಸಲು ಆಗುವುದಿಲ್ಲ. ನುಣುಪು ಗೋಡೆ ನುಣುಪಾಗಿಯೇ ಉಳಿಯುತ್ತದೆ. ಸೋಮವಾರ ಬೆಳಿಗ್ಗೆ ಶೂಟಿಂಗ್ ಅಂತ ಬರೆದಾಗಿತ್ತು.

ಮೊದಲ ಎರಡು ಪ್ರಯತ್ನ

ಶುಕ್ರವಾರ ರಾತ್ರಿಯೇ ಮೊದಲನೆಯದು. ಹೊಳಪು ಕಾಣದ ಹಾಗೆ ಕೊಳೆ ಹಚ್ಚಿಬಿಡೋಣ ಅನ್ನುವ ಯೋಚನೆ. ಬ್ಲ್ಯಾಕ್ ಜಪಾನ್ ಅನ್ನುವ ಕಪ್ಪು ವಾರ್ನಿಷ್‌ಗೆ ಥಿನ್ನರ್ ಬೆರೆಸಿ ಸ್ಪ್ರೇ ಗನ್‌ನಲ್ಲಿ ಮೂಲೆಗಳಿಗೆ, ಅಂಚುಗಳಿಗೆ ಊದಿಸಿದೆವು. ಸಾಮಾನ್ಯವಾಗಿ ಹಳೆಯ ಮನೆ ತೋರಿಸಲು ಎಲ್ಲರೂ ಮಾಡುವುದು ಇದನ್ನೇ. ಎಲ್ಲಾ ಮೂಲೆಗೂ ಒಂದೇ ಸಮ ಕಪ್ಪು. ಬೆಳಿಗ್ಗೆ ನೋಡಿದರೆ ಬೆಂಕಿ ಬಿದ್ದು ಆರಿದ ಅಪಾರ್ಟ್‌ಮೆಂಟ್ ಥರ ಇತ್ತು.

ಆ ರಾತ್ರಿಯ ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಪಕ್ಕದ ಫ್ಲೋರ್‌ಗೆ ಕಂಪ್ರೆಸರ್ ಸದ್ದು ಹೋಗುತ್ತದೆ ಅಂತ ದೊಡ್ಡ ಬಾಗಿಲು ಮುಚ್ಚಿಸಿದ್ದರು. ಒಳಗೆ ಥಿನ್ನರ್ ವಾಸನೆಗೆ ಕಣ್ಣು ಉರಿಯುತ್ತಿತ್ತು. ಮೇಸ್ತ್ರಿ ಕೆಲಸ ನಿಲ್ಲಿಸಿ ತಾವೇ ಹೋಗಿ ಬಾಗಿಲು ತೆಗೆದರು. ಮುಚ್ಚಲು ಬಂದವನಿಗೆ "ಪ್ರೀಮಿಯರ್ ಗೊತ್ತೈತೇನು ನಿನಗ?" ಅಂತ ಕೇಳಿದರು. ಅವನಿಗೆ ಗೊತ್ತಿರಲಿಲ್ಲ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಧಾರಾವಾಹಿಯ ಸೆಟ್‌ಗೆ ಬೆಂಕಿ ಬಿದ್ದು 62 ಜನ ಸತ್ತರು. ಸೆಟ್ ಅಂದರೆ ಪ್ಲೈ, ಬಟ್ಟೆ, ಗೋಣಿ, ಥರ್ಮಾಕೋಲ್, ಬಣ್ಣ. ಎಲ್ಲಾ ಉರಿಯುವ ಸಾಮಾನೇ. ಅದರ ಮಧ್ಯೆ ಥಿನ್ನರ್ ಊದುವಾಗ ಬಾಗಿಲು ಮುಚ್ಚಿಸಿದ್ದು ನಾವು ಆ ವಾರ ಮಾಡಿದ ಅತಿ ದೊಡ್ಡ ತಪ್ಪು. ಗೋಡೆ ಹಾಳಾದದ್ದು ಅದರ ಮುಂದೆ ಏನೂ ಅಲ್ಲ.

ಶನಿವಾರ ಎರಡನೆಯದು. ಸುಣ್ಣದ ಗೋಡೆ ಬೇಕಾದರೆ ಸುಣ್ಣವನ್ನೇ ಹೊಡೆದರಾಯಿತು ಅಂತ ನಿರ್ದೇಶಕರು ಅಂದರು. ಕೇಳಲು ಸರಿಯಾಗಿಯೇ ಇತ್ತು. ಮೇಸ್ತ್ರಿಗೆ ಮನಸ್ಸಿರಲಿಲ್ಲ. ಆದರೂ ಸುಣ್ಣ ನೆನೆಸಿ, ಸೋಸಿ, ತೆಳ್ಳಗೆ ಒಂದು ಕೋಟ್ ಹೊಡೆಸಿದರು. ಹಸಿ ಸುಣ್ಣ ನೀರಿನ ಹಾಗೆ ಕಾಣುತ್ತದೆ, ಹಿಂದಿನ ಬಣ್ಣವೆಲ್ಲ ತೋರುತ್ತಿರುತ್ತದೆ. ಒಣಗುತ್ತಾ ಒಣಗುತ್ತಾ ಬೆಳ್ಳಗಾಗುತ್ತದೆ. ಪ್ರೊಡಕ್ಷನ್ ಮ್ಯಾನೇಜರ್ ಬಂದು ಹಸಿ ಗೋಡೆ ನೋಡಿ ಗಾಬರಿಯಾದರು. ಅವರ ಗಾಬರಿಗೆ ನಾನೂ ಗಾಬರಿಯಾಗಿ, ಇನ್ನೊಂದು ಕೋಟ್ ದಪ್ಪಗೆ ಹೊಡೀರಿ ಅಂದುಬಿಟ್ಟೆ. "ಒಣಗಲಿ ತಡಿ ತಮ್ಮಾ" ಅಂದರು ಮೇಸ್ತ್ರಿ. ನಾನು ತಡೆಯಲಿಲ್ಲ.

ಸುಣ್ಣಕ್ಕೆ ಹೀರುವ ಗೋಡೆ ಬೇಕು. ಮಣ್ಣು, ಗಾರೆ, ಇಟ್ಟಿಗೆ ಇವು ನೀರು ಹೀರಿಕೊಂಡು ಸುಣ್ಣವನ್ನು ಹಿಡಿದುಕೊಳ್ಳುತ್ತವೆ. ಪ್ಲಾಸ್ಟಿಕ್ ಎಮಲ್ಷನ್ ಅಂದರೆ ಗೋಡೆಗೆ ತೊಡಿಸಿದ ರೇನ್‌ಕೋಟ್. ಭಾನುವಾರ ಬೆಳಿಗ್ಗೆ ಹೊತ್ತಿಗೆ ದಪ್ಪ ಕೋಟ್ ಬಿರುಕು ಬಿಟ್ಟು, ಹಪ್ಪಳದ ಹಾಗೆ ಮುದುರಿ ಉದುರುತ್ತಿತ್ತು. ಉಳಿದ ಕಡೆ ಮುಟ್ಟಿದರೆ ಕೈಗೆ ಬಿಳಿ. ಅಜ್ಜನ ಪಾತ್ರಧಾರಿ ಕಪ್ಪು ಕಂಬಳಿ ಹೊದ್ದು ಇದೇ ಗೋಡೆಗೆ ಒರಗಬೇಕಿತ್ತು.

ತಿರುವು

ಭಾನುವಾರ ಮಧ್ಯಾಹ್ನ ಕಲಾ ನಿರ್ದೇಶಕರು ಎಲ್ಲರನ್ನೂ ಸುಮ್ಮನಿರಿಸಿ, ಮೇಸ್ತ್ರಿಯನ್ನು ಕೂರಿಸಿಕೊಂಡು "ನೀವು ಹೇಳಿ, ಏನು ಮಾಡೋಣ?" ಅಂತ ಕೇಳಿದರು. ನನ್ನ ಲೆಕ್ಕದಲ್ಲಿ ಈ ಪ್ರಕರಣದ ನಿಜವಾದ ತಿರುವು ಅದೇ. ಮೂರು ದಿನದಲ್ಲಿ ಯಾರೂ ಅವರನ್ನು ಈ ಪ್ರಶ್ನೆ ಕೇಳಿರಲಿಲ್ಲ. ಏನು ಮಾಡಬೇಕು ಅಂತ ಹೇಳಿದ್ದೆವು, ಅಷ್ಟೇ.

ಅವರು ಉತ್ತರ ಹೇಳಲಿಲ್ಲ. ತಿರುಗಿ ಮೂರು ಪ್ರಶ್ನೆ ಕೇಳಿದರು.

ಕ್ಯಾಮೆರಾಕ್ಕೆ ಯಾವ ಯಾವ ಗೋಡೆ ಕಾಣುತ್ತದೆ? ಶಾಟ್ ಪಟ್ಟಿ ತೆಗೆದು ನೋಡಿದರೆ ಹನ್ನೊಂದು ಗೋಡೆಗಳಲ್ಲಿ ಬೆಳಕು ಬಿದ್ದು ಸ್ಪಷ್ಟವಾಗಿ ಕಾಣುವುದು ನಾಲ್ಕು. ಉಳಿದವು ಕತ್ತಲಲ್ಲಿ, ಇಲ್ಲವೇ ಫೋಕಸ್ ಆಚೆ. ನಾವು ಎಲ್ಲದಕ್ಕೂ ಒಂದೇ ಸಮ ಬಣ್ಣ ಬಳಿದು ಸಮಯ ಕಳೆದಿದ್ದೆವು.

ಒಂದು ಶೂಟಿಂಗ್ ಲೈಟ್, ಕ್ಯಾಮೆರಾ ಅರ್ಧ ಗಂಟೆ ಸಿಗುತ್ತದಾ? ಕ್ಯಾಮೆರಾಮನ್ ಒಪ್ಪಿದರು.

ಆ ಮನೆಯ ಗೋಡೆಯ ಚೂರು ಇದೆಯಾ?

ಇರಲಿಲ್ಲ. ಆರು ದಿನ ಆ ಮನೆಯಲ್ಲಿದ್ದು ನೂರಾರು ಫೋಟೋ ತೆಗೆದಿದ್ದೆ. ಒಂದು ಬೆಂಕಿಪೆಟ್ಟಿಗೆಯಲ್ಲಿ ಸುಣ್ಣದ ಚಕ್ಕೆ, ಒಂದು ಹಿಡಿ ಕೆಮ್ಮಣ್ಣು ತಂದಿದ್ದರೆ ಸಾಕಿತ್ತು. ಆ ಮನೆಯ ಅಮ್ಮನಿಗೆ ಫೋನ್ ಮಾಡಿದೆ. ಅವರು ನಕ್ಕು, ಹಿತ್ತಿಲ ಗೋಡೆಯಿಂದ ನಾಲ್ಕು ಚಕ್ಕೆ ಕೆರೆದು, ಕೆಮ್ಮಣ್ಣಿನ ಜೊತೆ ಕವರಿಗೆ ಹಾಕಿ ಮಗನ ಕೈಲಿ ರಾತ್ರಿ ಬಸ್ಸಿಗೆ ಕೊಟ್ಟು ಕಳಿಸಿದರು. ಸೋಮವಾರ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಕಂಡಕ್ಟರ್ ಹತ್ತಿರ ಇಸಿದುಕೊಂಡೆ. ಶೂಟಿಂಗ್ ಒಂದು ದಿನ ಮುಂದೆ ಹೋಯಿತು. ಒಂದು ದಿನದ ಫ್ಲೋರ್ ಬಾಡಿಗೆ ಸುಮ್ನೆ ಹೋಯಿತು ಅಂತ ಪ್ರೊಡಕ್ಷನ್‌ನವರು ಕೂಗಾಡಿದರು. ಅದರಲ್ಲಿ ತಪ್ಪೇನಿಲ್ಲ ಬಿಡಿ.

ಪರದೆಯ ಉಪಾಯ

ಮೇಸ್ತ್ರಿ ತರಿಸಿದ ಸಾಮಾನು ನೋಡಿ ನನಗೆ ಅರ್ಥವಾಗಲಿಲ್ಲ. ಮಾದರಪಾಟ್ ಅನ್ನುವ ಒರಟು ಹತ್ತಿ ಬಟ್ಟೆ, ಚಾಕ್ ಪೌಡರ್, ಫೆವಿಕಾಲ್, ನೀಲಿ, ಬಣ್ಣದ ಆಕ್ಸೈಡ್ ಪುಡಿಗಳು, ನಾರಿನ ಕುಂಚ.

ಉದುರುವ ಸುಣ್ಣವನ್ನು ತಗಡಿನ ಪಟ್ಟಿಯಿಂದ ಕೆರೆದು, ಎಮಲ್ಷನ್ ಮೇಲೆ ಉಪ್ಪುಕಾಗದ ಉಜ್ಜಿದರು. ಅದರ ಮೇಲೆ ಫೆವಿಕಾಲ್ ಬಳಿದು ಬಟ್ಟೆ ಅಂಟಿಸಿದರು. ಅಲ್ಲಲ್ಲಿ ಬಟ್ಟೆಯ ಕೆಳಗೆ ಮರದ ಪುಡಿ ಬೆರೆಸಿದ ಪಿಒಪಿಯ ಸಣ್ಣ ಉಬ್ಬು. ಪ್ಲೈವುಡ್ ಸಂದುಗಳು ಮಾಯವಾದವು. ಗೋಡೆಗೆ ಕೈಯಿಂದ ಮೆತ್ತಿದ ಮಣ್ಣಿನ ಏರಿಳಿತ ಬಂತು. ಎಲ್ಲಕ್ಕಿಂತ ಮುಖ್ಯ, ಹೀರುವ ಮೈ ಬಂತು.

ನಾಟಕದ ಪರದೆ ಬರೆಯುವಾಗ ಪುಡಿ ಬಣ್ಣಕ್ಕೆ ಕಾಯಿಸಿದ ಅಂಟು ಬೆರೆಸುತ್ತಾರೆ. ಆ ಬಣ್ಣ ಬಟ್ಟೆಯೊಳಗೆ ಇಳಿದು ಮಂಕಾಗಿ ಒಣಗುತ್ತದೆ. ಎಷ್ಟು ಲೈಟ್ ಬಿಟ್ಟರೂ ಹೊಳೆಯುವುದಿಲ್ಲ. ಎಣ್ಣೆ ಬಣ್ಣದಲ್ಲಿ ಬರೆದ ಪರದೆಯಾದರೆ ಹಿಂದಿನ ಸಾಲಿನವರಿಗೆ ಅರಮನೆ ಬದಲು ಲೈಟೇ ಕಾಣುತ್ತದೆ. ಮೇಸ್ತ್ರಿ ಮಾಡಿದ್ದು ಅದನ್ನೇ, ಅಂಟಿನ ಬದಲು ಫೆವಿಕಾಲ್.

ಕಷ್ಟ ಇರುವುದು ಅಂಟಿನ ಅಳತೆಯಲ್ಲಿ. ಜಾಸ್ತಿಯಾದರೆ ಮತ್ತೆ ಹೊಳಪು. ಕಮ್ಮಿಯಾದರೆ ಪುಡಿ ಎದ್ದು ಕಂಬಳಿಗೆ ಹತ್ತುತ್ತದೆ. ಎರಡಡಿ ಹಲಗೆಗೆ ಬಟ್ಟೆ ಅಂಟಿಸಿ ನಾಲ್ಕು ಚೌಕ ಮಾಡಿದರು. ನಾಲ್ಕಕ್ಕೂ ಒಂದೇ ಬಣ್ಣ, ಅಂಟು ಮಾತ್ರ ಬೇರೆ ಬೇರೆ. ಹಸಿ ಇದ್ದಾಗ ಯಾರೂ ನೋಡಬಾರದು ಅಂತ ಹಲಗೆಯನ್ನು ಗೋಡೆ ಕಡೆ ತಿರುಗಿಸಿಟ್ಟರು. ಅದು ನನಗೆ ಹೇಳಿದ್ದು ಅಂತ ಗೊತ್ತಾಯಿತು. ಒಣಗಿದ ಮೇಲೆ ಒಂದೊಂದು ಚೌಕಕ್ಕೂ ಕಪ್ಪು ಬಟ್ಟೆ ಉಜ್ಜಿದರು. ಮೊದಲೆರಡರಲ್ಲಿ ಬಟ್ಟೆ ಬೆಳ್ಳಗಾಯಿತು. ನಾಲ್ಕನೆಯದು ಲೈಟ್‌ಗೆ ಹೊಳೆಯಿತು. ಮೂರನೆಯದನ್ನು ತೀರ್ಥಹಳ್ಳಿಯ ಚಕ್ಕೆಯ ಪಕ್ಕ ಇಟ್ಟು ಕ್ಯಾಮೆರಾದಲ್ಲಿ ನೋಡಿದೆವು. ನೀಲಿ ಇನ್ನೊಂದು ಚಿಟಿಕೆ ಬೇಕಾಯಿತು. ಕೆಮ್ಮಣ್ಣಿನ ಪಟ್ಟಿಗೆ ಬರೀ ರೆಡ್ ಆಕ್ಸೈಡ್ ಸಾಲಲಿಲ್ಲ, ಅದು ಹೆಂಚಿನ ಕೆಂಪು. ಹಳದಿ ಆಕ್ಸೈಡ್ ಸೇರಿಸಿದ ಮೇಲೆ ಹಿಡಿ ಮಣ್ಣಿಗೆ ಹತ್ತಿರ ಬಂತು.

ಈ ಸಲ ನಾನು ಒಂದು ಬುದ್ಧಿವಂತಿಕೆ ಮಾಡಿದೆ. ಹಲಗೆಯ ಹಿಂದೆ ಮಿಶ್ರಣದ ಅಳತೆ ಬರೆದು, ಕಲಾ ನಿರ್ದೇಶಕರು ಮತ್ತು ಕ್ಯಾಮೆರಾಮನ್ ಇಬ್ಬರ ಸಹಿ ಹಾಕಿಸಿದೆ. ರಾತ್ರಿ ಕೆಲಸಕ್ಕೆ ಡಬಲ್ ಕೂಲಿ ಅಂತ ಪ್ರೊಡಕ್ಷನ್ ಮ್ಯಾನೇಜರ್ ಕೈಲಿ ಒಂದು ಚೀಟಿಯಲ್ಲೂ ಬರೆಸಿಕೊಂಡೆ.

ಗೋಡೆ ಕೊಳೆಯಾಗುವುದಕ್ಕೆ ಕಾರಣ

ಬಣ್ಣ ಸೋಮವಾರ ಸಂಜೆಗೆ ಮುಗಿಯಿತು. ರೋಲರ್ ಇಲ್ಲ, ನಾರಿನ ಕುಂಚದಲ್ಲಿ ಅಡ್ಡ ಒಂದು ಸಲ, ಉದ್ದ ಒಂದು ಸಲ. ರಾತ್ರಿ ಉಳಿದದ್ದು ಹಳೆಯದು ಮಾಡುವ ಕೆಲಸ. ನಾನು ಮತ್ತೆ ಮೂಲೆ ಕಡೆ ಕೈ ತೋರಿಸಿದೆ. ಮೇಸ್ತ್ರಿ ಹೇಳಿದರು, "ಗ್ವಾಡಿ ಸುಮ್ನ ಹೊಲಸ ಆಗಂಗಿಲ್ಲ ತಮ್ಮಾ. ಯಾರರೆ ಒರಗಿರಬೇಕು, ಏನರೆ ಸಿಡಿದಿರಬೇಕು."

ಆಮೇಲೆ ಅವರು ಕೇಳುತ್ತಾ ಹೋದರು. ಈ ಮನೆಯಲ್ಲಿ ಎಷ್ಟು ಜನ? ಎಡಗೈ ಯಾರದ್ದು? ಮಳೆ ಯಾವ ಕಡೆಯಿಂದ ಹೊಡೆಯುತ್ತದೆ? ದೀಪ ಎಲ್ಲಿ ಇಡುತ್ತಿದ್ದರು? ಚಿತ್ರಕಥೆ ಓದಿದ್ದ ನನಗೇ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ. ಸಹಾಯಕ ನಿರ್ದೇಶಕಿ ಒಬ್ಬರನ್ನು ಎಬ್ಬಿಸಿ ಕೇಳಿಕೊಂಡು ಬಂದೆ.

ಒಲೆಯ ಮೇಲೆ ಮಸಿ ನೇರ ಏರಿ ಅಟ್ಟದ ಕೆಳಗೆ ದಟ್ಟವಾಗಿ ನಿಂತಿತು. ಬಾಗಿಲ ಕಡೆ ಹೋಗುತ್ತಾ ತೆಳುವಾಯಿತು. ಇದ್ದಿಲ ಪುಡಿ, ಟೀ ಡಿಕಾಕ್ಷನ್, ಒಂದು ಹಳೇ ಬನಿಯನ್, ಇಷ್ಟರಲ್ಲೇ ಆಯಿತು. ಸ್ಪ್ರೇ ಗನ್ ಮುಟ್ಟಲಿಲ್ಲ. ತೊಟ್ಟಿಯ ಅಂಚಿನಲ್ಲಿ ಮಳೆ ನೀರು ಸಿಡಿಯುವ ಎತ್ತರಕ್ಕೆ ಕೆಮ್ಮಣ್ಣಿನ ಚುಕ್ಕೆಗಳು. ದೇವರ ಗೂಡಿನ ಮೇಲೆ ದೀಪದ ಕುಡಿಯ ಆಕಾರದ ಕಪ್ಪು. ಉಗ್ರಾಣದ ಬಾಗಿಲ ಪಕ್ಕ, ಮಗು ಕೈ ಊರಿಕೊಂಡು ಹೋಗುವ ಎತ್ತರದಲ್ಲಿ ಒಂದು ಗೆರೆ.

ಜಗಲಿಯಲ್ಲಿ ಅಜ್ಜ ದಿನಾ ಒರಗಿ ಕೂರುವ ಜಾಗಕ್ಕೆ ತಲೆ ಎಣ್ಣೆಯ ಕಲೆ ಬೇಕಿತ್ತು. ಮೊದಲು ನನ್ನನ್ನು ಕೂರಿಸಿ ಗುರುತು ಹಾಕಿದರು. ಆಮೇಲೆ ನಾನು ಆ ನಟರಿಗಿಂತ ಎತ್ತರ ಅಂತ ನೆನಪಾಗಿ ಅಳಿಸಿದರು. ಬೆಳಿಗ್ಗೆ ಆರಕ್ಕೆ ಆ ಹಿರಿಯ ನಟರೇ ಬಂದು, ಒಂದು ಮಾತೂ ಆಡದೆ ಕೂತು ತಲೆ ಒರಗಿಸಿ ತೋರಿಸಿದರು. ಅಲ್ಲಿಗೆ ಕಂದು ಬಣ್ಣ ಬೆರೆಸಿದ ವಾರ್ನಿಷ್ ಬೆರಳಲ್ಲಿ ಸವರಿದರು. ಇಡೀ ಸೆಟ್‌ನಲ್ಲಿ ಮಿಂಚಬೇಕಾಗಿದ್ದ ಒಂದೇ ಜಾಗ ಅದು.

ಏನಾಯಿತು, ಏನು ಉಳಿಯಿತು

ಮಂಗಳವಾರ ಶೂಟಿಂಗ್ ನಡೆಯಿತು. ಬಾಗಿಲ ಕಟ್ ಕೂತಿತು. ಅಂಗಳದ ಗೋಡೆಗೂ ಜಗಲಿಯ ಗೋಡೆಗೂ ಡಿಐನಲ್ಲಿ ಸ್ವಲ್ಪವೇ ಕೆಲಸ ಬಿದ್ದಿತು. ಎಲ್ಲವೂ ಸರಿಹೋಯಿತು ಅಂತಲ್ಲ. ನಡುಮನೆಯ ಒಂದು ಮೂಲೆಯಲ್ಲಿ ಎಮಲ್ಷನ್ ಸರಿಯಾಗಿ ಉಜ್ಜಿರಲಿಲ್ಲ. ಮೂರನೇ ದಿನ ಬಟ್ಟೆ ಉಬ್ಬಿ ಎದ್ದಿತು. ಒಂದು ಭತ್ತದ ಕಣಜ ತಂದು ಅಡ್ಡ ಇಟ್ಟೆವು.

ಮೊದಲೇ ಮೇಸ್ತ್ರಿಯನ್ನು ಕೇಳಿದ್ದರೆ ಎಲ್ಲಾ ಮೂರು ದಿನದಲ್ಲಿ ಮುಗಿಯುತ್ತಿತ್ತಾ? ನನಗೆ ಅನುಮಾನ. ಯಾರನ್ನು ಕೇಳಿದ್ದರೂ ಪಿಒಪಿ ಹಸಿಯಾಗಿಯೇ ಇರುತ್ತಿತ್ತು. ಆದರೆ ನಾಲ್ಕು ಗೋಡೆ ಯಾವುದು ಅಂತ ಮೊದಲೇ ಗೊತ್ತಿದ್ದರೆ ಅಷ್ಟಕ್ಕೇ ಬಟ್ಟೆ ಅಂಟಿಸಿ ಶನಿವಾರದೊಳಗೆ ಮುಗಿಸಬಹುದಿತ್ತು. ಶುಕ್ರವಾರದ ಥಿನ್ನರ್ ರಾತ್ರಿ ಖಂಡಿತ ಇರುತ್ತಿರಲಿಲ್ಲ. ಈಗ ನಾನು ಯಾವ ಲೊಕೇಶನ್‌ಗೆ ಹೋದರೂ ಚೀಲದಲ್ಲಿ ನಾಲ್ಕು ಬೆಂಕಿಪೆಟ್ಟಿಗೆ ಇರುತ್ತವೆ. ಹೊಸ ಹುಡುಗರು ನಗುತ್ತಾರೆ. ಪೇಂಟಿಂಗ್ ದಿನಗಳನ್ನು ಶೂಟಿಂಗ್ ದಿನಾಂಕದಿಂದ ಹಿಂದಕ್ಕೆ ಎಣಿಸಿ, ಪಿಒಪಿ ಒಣಗುವ ದಿನವನ್ನು ಬೇರೆಯಾಗಿ ಬರೆದಿಡುತ್ತೇನೆ. ಲೈಟ್ ಟೆಸ್ಟ್ ಪೂರ್ತಿ ಗೋಡೆಗೆ ಅಲ್ಲ, ಎರಡಡಿ ಹಲಗೆಗೆ, ಒಂದು ವಾರ ಮೊದಲೇ.

ದುಡ್ಡಿನ ವಿಷಯ ಇಷ್ಟು ಚೆನ್ನಾಗಿ ಮುಗಿಯಲಿಲ್ಲ. ಸಿನಿಮಾ ಕಾರ್ಮಿಕರ ಜೊತೆ ಬರಹದ ಒಪ್ಪಂದ ಇರಬೇಕು ಅಂತ 1981ರಲ್ಲೇ ಕೇಂದ್ರದ ಕಾಯ್ದೆ ಬಂದಿತ್ತು. ಪೇಂಟರ್ ಕೈಗೆ ಅಂಥ ಕಾಗದ ಸಿಕ್ಕಿದ್ದನ್ನು ನಾನು ನೋಡಿಲ್ಲ. ಎಲ್ಲಾ ಬಾಯಿಮಾತು. ಸೋಮವಾರ ರಾತ್ರಿಯ ಡಬಲ್ ಕೂಲಿ ಬಂತು, ಆ ಚೀಟಿ ಇದ್ದದ್ದರಿಂದ. ಶುಕ್ರವಾರ ರಾತ್ರಿಯದು ಬರಲಿಲ್ಲ. "ಗೋಡೆ ಹಾಳು ಮಾಡಿದ್ದಕ್ಕೂ ಕೂಲಿ ಕೊಡಬೇಕಾ?" ಅಂತ ಮ್ಯಾನೇಜರ್ ಕೇಳಿದರು. ಹಾಳು ಮಾಡಿಸಿದ್ದು ನಾವು ಅಂತ ನಾನು ಹೇಳಿದೆ. ಬರೆದದ್ದು ಎಲ್ಲಿದೆ ಅಂದರು. ಇರಲಿಲ್ಲ.

ಸಿನಿಮಾ ಬಿಡುಗಡೆಯಾಗಿ ಸ್ವಲ್ಪ ದಿನಕ್ಕೆ ಮೇಸ್ತ್ರಿ ಫೋನ್ ಮಾಡಿದರು. ಮೊಮ್ಮಗ ಮೊಬೈಲ್‌ನಲ್ಲಿ ತೋರಿಸಿದನಂತೆ. ಅಡುಗೆಮನೆಯ ಮಸಿ ಎರಡು ಸೆಕೆಂಡ್ ಇದೆ, ಅದೂ ಫೋಕಸ್ ಆಚೆ. ಉಗ್ರಾಣದ ಗೆರೆ ಬಂದೇ ಇಲ್ಲ. ಅಜ್ಜನ ತಲೆಯ ಕಲೆ ಮಾತ್ರ ಚೆನ್ನಾಗಿ ಕಾಣುತ್ತದೆ ಅಂತ ನಾನು ಹೇಳಿದೆ. ಹ್ಞೂಂ, ಕಂಡೆ ಅಂದರು. ಸ್ವಲ್ಪ ಹೊತ್ತು ಬಿಟ್ಟು, "ತಮ್ಮಾ, ಆ ಶುಕ್ರವಾರ ರಾತ್ರಿ ಪಗಾರದ್ದು ಏನರ ಆತೇನು?" ಅಂತ ಕೇಳಿದರು.